ಸಂಪಾದಕರ ಉತ್ತರ: ವಿಚಾರಣೆಗೆ ಐದು ವರ್ಷ ಮುಂಚೆಯೇ ತೆರೆದಿದ್ದ ಫೈಲು

ಹೋದ ಸಂಚಿಕೆಯ ಹಾಲಿವುಡ್ ಬ್ಲ್ಯಾಕ್‌ಲಿಸ್ಟ್ (ಕಮ್ಯುನಿಸ್ಟರು ಅಂತ ಸಿನಿಮಾದವರಿಗೆ ಕೆಲಸ ಕೊಡದೆ ಹೊರಗಿಟ್ಟಿದ್ದು) ಲೇಖನ ಓದಿ ನೀವು ಕೇಳಿದ್ದೀರಿ, "1947ರ ವಿಚಾರಣೆ ಕ್ಯಾಮೆರಾ ಮುಂದೆ ಎಲ್ಲರಿಗೂ ಕಾಣೋ ಹಾಗೇ ನಡೀತಲ್ಲ, ಇದರಲ್ಲಿ ಗೂಢಚಾರಿಕೆ ಎಲ್ಲಿಂದ ಬಂತು? ಅಷ್ಟಕ್ಕೂ ಅವರು ನಿಜವಾಗ್ಲೂ ಕಮ್ಯುನಿಸ್ಟರೇ ತಾನೆ?" ಅಂತ. (ಆ ವಿಚಾರಣೆ ಅಂದ್ರೆ ಅಮೆರಿಕದ ಸಂಸತ್ತು ಕಾಂಗ್ರೆಸ್ಸಿನ ಒಂದು ಸಮಿತಿ ಸಿನಿಮಾದವರನ್ನ ಕರೆಸಿ ಕಮ್ಯುನಿಸ್ಟರಾ ಅಂತ ಕೇಳಿದ್ದು.) ಲೇಖನದಲ್ಲಿ ನಾವು ಇದನ್ನ ಬಿಡಿಸಿ ಹೇಳಿರಲಿಲ್ಲ, ತಪ್ಪು ನಮ್ದೇ.

ಕ್ಯಾಮೆರಾ ಮುಂದೆ ಬಂದಿದ್ದು ಉತ್ಸವಮೂರ್ತಿ, ಮೂಲವಿಗ್ರಹ ಅಮೆರಿಕದ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐ ಆಫೀಸಲ್ಲೇ ಕೂತಿತ್ತು. ಅದರ ಮುಖ್ಯಸ್ಥ ಎಡ್ಗರ್ ಹೂವರ್ 1942ರಲ್ಲೇ ಲಾಸ್ ಏಂಜಲಿಸ್ ಆಫೀಸಿಗೆ ಹೇಳಿ ಸಿನಿಮಾದವರ ಮೇಲೆ ಫೈಲು ತೆಗೆಸಿದ್ದ, ರಷ್ಯಾ ಇನ್ನೂ ಅಮೆರಿಕದ ದೋಸ್ತಿ ಆಗಿದ್ದಾಗ್ಲೇ, ನೋಡಿ! ಕಾಂಪಿಕ್ ಅಂತ ಅದರ ಹೆಸರು, 1958ರ ತನಕ ನಡೀತು. ಕಮ್ಯುನಿಸ್ಟ್ ಪಾರ್ಟಿ ಆಫೀಸಿಗೆ ಕದ್ದು ನುಗ್ಗಿ ಮೆಂಬರ್‌ಶಿಪ್ ದಾಖಲೆಗಳ ಫೋಟೋ ತೆಗೆದುಕೊಂಡು ಬರ್ತಿದ್ರು, ಅದು ಸಾಲದು ಅಂತ ಜೊತೆಗೆ ಕೆಲಸ ಮಾಡೋರ ಕೈಲೇ ಚಾಡಿ ಹೇಳಿಸ್ತಿದ್ರು. ನಟರ ಸಂಘದ ಅಧ್ಯಕ್ಷ ಆಗಿದ್ದ ರೊನಾಲ್ಡ್ ರೇಗನ್, ಹೌದು ಮುಂದೆ ಪ್ರೆಸಿಡೆಂಟ್ ಆದ ಅದೇ ರೇಗನ್, ಎಫ್‌ಬಿಐ ಫೈಲಲ್ಲಿ ಟಿ-10 ಅನ್ನೋ ಮಾಹಿತಿದಾರ.

ಈಗ ವಿಚಾರಣೆಗೆ ಬನ್ನಿ. ಸಮಿತಿ ಮುಂದೆ ಬಂದ ಸಿನಿಮಾದವರಲ್ಲಿ ಹತ್ತು ಜನ, ತಾವು ಪಾರ್ಟಿ ಮೆಂಬರಾ ಇಲ್ವಾ ಅನ್ನೋದಕ್ಕೆ ಸೀದಾ ಉತ್ತರ ಕೊಡಲಿಲ್ಲ. ಆಗ ಸಮಿತಿಯ ತನಿಖಾಧಿಕಾರಿ ಲೂಯಿಸ್ ರಸೆಲ್ ಅವರವರ ಪಾರ್ಟಿ ಕಾರ್ಡಿನ ವಿವರ ಟಪಟಪ ಓದಿಬಿಟ್ಟ. ಈ ರಸೆಲ್ ಮೊದಲು ಎಫ್‌ಬಿಐ ಏಜೆಂಟ್. ಉತ್ತರ ಕೈಲಿಟ್ಕೊಂಡೇ ಪ್ರಶ್ನೆ ಕೇಳಿದ್ರು ಅನ್ನಿ.

ನನಗೆ ನಗು ಬರೋದು ಎಫ್‌ಬಿಐನವರ ಸಿನಿಮಾ ವಿಮರ್ಶೆ ನೋಡಿದ್ರೆ. 'ಇಟ್ಸ್ ಎ ವಂಡರ್‌ಫುಲ್ ಲೈಫ್' ಅಂತ, ಕ್ರಿಸ್‌ಮಸ್ ರಾತ್ರಿ ದೇವದೂತ ಬಂದು ಒಬ್ಬನ ಜೀವ ಉಳಿಸೋ ಸಂಸಾರವಂದಿಗ ಸಿನಿಮಾ, ಅದರಲ್ಲಿ ಒಬ್ಬ ಜಿಪುಣ ಬ್ಯಾಂಕರ್ ಇದ್ದಾನೆ, ಅಷ್ಟೇ. ಜನ ಬ್ಯಾಂಕಿನವರನ್ನ ದ್ವೇಷಿಸೋ ಹಾಗೆ ತೋರ್ಸೋದು ಕಮ್ಯುನಿಸ್ಟರ ಹಳೇ ಟ್ರಿಕ್ಕು ಅಂತ 1947ರಲ್ಲಿ ಅದನ್ನೂ ಫೈಲಿಗೆ ಹಾಕಿದ್ರು! ಡೈರೆಕ್ಟರ್ ಫ್ರಾಂಕ್ ಕಾಪ್ರಾ, ಯುದ್ಧದಲ್ಲಿ ಅಮೆರಿಕ ಸೈನ್ಯಕ್ಕೇ ಪ್ರಚಾರದ ಚಿತ್ರ ಮಾಡಿಕೊಟ್ಟಿದ್ದೋನು.

ನಿಮ್ಮ ಎರಡನೇ ಮಾತು ಒಪ್ಕೋತೀನಿ, ಆ ಹತ್ತೂ ಜನ ಒಂದಲ್ಲ ಒಂದು ಕಾಲದಲ್ಲಿ ಮೆಂಬರ್ ಆಗಿದ್ದೋರೇ, ಅದನ್ನ ಮುಚ್ಚಿಡೋದು ಸರಿಯಲ್ಲ. ಆದ್ರೆ ಅವರು ಜೈಲಿಗೆ ಹೋಗಿದ್ದು ಅದಕ್ಕಲ್ಲ, ಉತ್ತರ ಕೊಡದೆ ಕಾಂಗ್ರೆಸ್ಸಿನ ನಿಂದನೆ ಮಾಡಿದ್ರು ಅಂತ.