ನೋಮಿಕ್ ಆಟದಲ್ಲಿ ‘ಹೀಗಾದರೆ ಹಾಗೆ’ ಅನ್ನುವ ವೋಟನ್ನು ಒಪ್ಪಬೇಕಾ, ನಿಷೇಧಿಸಬೇಕಾ?

ನೋಮಿಕ್ ಅಂದರೆ ಸರದಿ ಬಂದವರು ಆಟದ ನಿಯಮಗಳಲ್ಲೇ ಒಂದು ಬದಲಾವಣೆ ಸೂಚಿಸಿ, ಎಲ್ಲರೂ ಅದಕ್ಕೆ ವೋಟು ಹಾಕುವ ಆಟ. ಅದರಲ್ಲಿ ನಿಮ್ಮ ಗೆಳೆಯ ಷರತ್ತು ಹಾಕಿ ವೋಟು ಕೊಟ್ಟಿದ್ದಾನೆ, ಒಪ್ಪೋದಾ ಬಿಡೋದಾ ಅಂತ ಕೇಳಿದ್ದೀರಿ. ಹಾಸನದ ಸಾಲಗಾಮೆ ರಸ್ತೆಯ ಒಂದು ರೂಮಿನಲ್ಲಿ ಜಡ್ಜ್ (ನಿಯಮದ ಜಗಳಕ್ಕೆ ತೀರ್ಪು ಕೊಡುವ ಆಟಗಾರ) ಆಗಿ ಕೂತು ನಾನೂ ಇದನ್ನೇ ತೀರ್ಮಾನಿಸಬೇಕಾಗಿತ್ತು. ತಪ್ಪು ಕಾರಣ ಕೊಟ್ಟು ತೀರ್ಮಾನಿಸಿದೆ.

ನಾವು ಐದು ಜನ. 1982ರಲ್ಲಿ ಈ ಆಟ ಹುಟ್ಟುಹಾಕಿದ ಪೀಟರ್ ಸೂಬರ್ ಬರೆದ 29 ನಿಯಮಗಳಿಂದಲೇ (ನಂಬರು 101–116, 201–213) ಶುರು ಮಾಡಿದ್ದೆವು. 100 ಅಂಕ ಮುಟ್ಟಿದವರಿಗೆ ಗೆಲುವು. ನನ್ನದು 88 ಆಗಿತ್ತು. ಮೊದಲೆರಡು ಸುತ್ತಿನಲ್ಲಿ ಎಲ್ಲರೂ ಒಪ್ಪಬೇಕಿತ್ತು; ಅವು ಮುಗಿದಿದ್ದರಿಂದ ಈಗ ಬಹುಮತ ಸಿಕ್ಕರೆ ನಿಯಮ ಪಾಸು.

ಒಂದು ಸಂಜೆ ಅರಸೀಕೆರೆಯವನಿಗೆ ರೈಲಿಗೆ ಹೊತ್ತಾಗಿತ್ತು. ‘ಬೇಲೂರಿನವನು ಹೌದು ಅಂದಿದ್ರೆ ನನ್ನದೂ ಹೌದು, ಇಲ್ಲಾಂದ್ರೆ ಇಲ್ಲ’ ಅಂತ ಚೀಟಿ ಬರೆದಿಟ್ಟು ಹೊರಟ. ಬೇಲೂರಿನವನ ಚೀಟಿ ಆಗಲೇ ಮೇಜಿನ ಮೇಲಿತ್ತು. ನಾನು ಒಪ್ಪಿದೆ. ಒಪ್ಪಿದ್ದು ತಪ್ಪಲ್ಲ, ಕೊಟ್ಟ ಕಾರಣ ತಪ್ಪು. ‘ನಿಯಮದಲ್ಲಿ ಬೇಡ ಅಂದಿಲ್ಲ, ಆದ್ದರಿಂದ ಸರಿ’ ಅಂತ ನೋಟ್‌ಬುಕ್ಕಿನಲ್ಲಿ ಬರೆದೆ. 116ನೇ ನಿಯಮ ನನ್ನ ಆಧಾರ. ನಿಷೇಧ ಇಲ್ಲದ್ದಕ್ಕೆಲ್ಲ ಅನುಮತಿ ಇದೆ ಅನ್ನುತ್ತೆ ಅದು. ಆದರೆ ಅದೇ ವಾಕ್ಯ ಮುಂದುವರಿಯುತ್ತೆ: ನಿಯಮ ಬದಲಾಯಿಸುವುದಕ್ಕೆ ಮಾತ್ರ ಈ ಮಾತು ಅನ್ವಯಿಸಲ್ಲ, ಅದಕ್ಕೆ ಬೇರೆ ನಿಯಮದ ಒಪ್ಪಿಗೆ ಬೇಕು. ವೋಟು ಹಾಕುವುದು ಅಂದರೆ ನಿಯಮ ಬದಲಾಯಿಸುವುದೇ ಅಲ್ವಾ? ನಾನು ಅರ್ಧ ವಾಕ್ಯ ಓದಿ ನಿಲ್ಲಿಸಿದ್ದೆ. ‘ಬೇಲೂರಿನವನ ವೋಟು ಎಲ್ಲರ ಕಣ್ಣಮುಂದೆ ಇದೆ, ಹಾಗಾಗಿ ಇವನದೂ ಗೊತ್ತಾದಂತೆ’ ಅಂತ ಬರೆದಿದ್ದರೆ ಸಾಕಿತ್ತು. ಅಷ್ಟು ಬರೆಯಲಿಲ್ಲ. ನಿಯಮ ಸುಮ್ಮನಿದ್ದಾಗ ಜಡ್ಜ್ ಆಟದ ರೂಢಿ ನೋಡಬೇಕು ಅಂತ 212 ಹೇಳುತ್ತೆ. ನನ್ನ ಆ ಒಂದು ಸಾಲೇ ರೂಢಿ ಆಯಿತು.

ಮುಂದಿನ ವಾರ ಸಕಲೇಶಪುರದವನ ಸರದಿ. ಅವನು ತಂದ ನಿಯಮಕ್ಕೆ ಅವನು, ನಾನು ಹೌದು. ಚನ್ನರಾಯಪಟ್ಟಣದವನು ಇಲ್ಲ. ಬೇಲೂರಿನವನ ಚೀಟಿಯಲ್ಲಿ ‘ಅರಸೀಕೆರೆಯವನದು ಏನೋ ಅದೇ’ ಅಂತಿತ್ತು. ಅರಸೀಕೆರೆಯವನ ಚೀಟಿಯಲ್ಲಿ ‘ಬೇಲೂರಿನವನದು ಏನೋ ಅದೇ’ ಅಂತಿತ್ತು. ಇಬ್ಬರೂ ಒಬ್ಬರಿಗೊಬ್ಬರು ಹೇಳಿಕೊಂಡು ಬರೆದದ್ದಲ್ಲ. ಇಬ್ಬರದೂ ಹೌದು ಅಂತ ಓದಿದರೆ 4–1, ಪಾಸು. ಇಬ್ಬರದೂ ಇಲ್ಲ ಅಂತ ಓದಿದರೆ 2–3, ಬಿತ್ತು. ಎರಡೂ ಓದು ಸರಿಯಾಗಿ ಕೂರುತ್ತವೆ! ಇಬ್ಬರನ್ನೂ ಲೆಕ್ಕದಿಂದ ಬಿಡೋಣ ಅಂದರೆ, ಎಲ್ಲರೂ ವೋಟು ಹಾಕಲೇಬೇಕು ಅನ್ನುತ್ತೆ 105. ರಾತ್ರಿ ಹನ್ನೊಂದರವರೆಗೆ ಜಗಳ. ಕೊನೆಗೆ ಸಕಲೇಶಪುರದವನು 213 ತೆಗೆದ: ನಡೆ ಸರಿಯೋ ತಪ್ಪೋ ಅಂತ ಕಡೆಗೂ ತೀರ್ಮಾನ ಆಗದಿದ್ದರೆ, ಸರದಿ ಮುಗಿಸಲಾಗದ ಮೊದಲ ಆಟಗಾರನೇ ಗೆದ್ದಂತೆ. ಹಾಗೆ, ಬರೀ 31 ಅಂಕ ಇದ್ದ ಅವನೇ ಗೆದ್ದ. ಜಡ್ಜ್ ಆಗಿ ಅದನ್ನು ಘೋಷಿಸಿದವನು ನಾನೇ. ಮೂರು ತಿಂಗಳ ಆಟ ಅಲ್ಲಿಗೆ ಮುಗಿಯಿತು. ಚನ್ನರಾಯಪಟ್ಟಣದವನು ಮತ್ತೆ ನಮ್ಮ ಜೊತೆ ಆಡಲಿಲ್ಲ. ಆ ಬೇಜಾರು ನನಗೆ ಇನ್ನೂ ಇದೆ.

ಹಾಗಾಗಿ ‘ಒಪ್ಪೋದಾ, ನಿಷೇಧಿಸೋದಾ’ ಅನ್ನುವ ನಿಮ್ಮ ಪ್ರಶ್ನೆಯೇ ಸರಿ ಇಲ್ಲ. ವೋಟಿನಲ್ಲಿ ‘ಹೀಗಾದರೆ’ ಅನ್ನುವ ಪದ ಇದೆಯಾ ಅಂತ ನೋಡಬೇಡಿ. ಎಣಿಸುವ ಹೊತ್ತಿಗೆ, ಎಲ್ಲರಿಗೂ ಕಾಣುವುದರಿಂದಲೇ, ಆ ಷರತ್ತಿಗೆ ಒಂದೇ ಒಂದು ಉತ್ತರ ಸಿಗುತ್ತಾ? ಸಿಕ್ಕರೆ ಅದು ಪಕ್ಕಾ ವೋಟು. ‘ನಾಳೆ ಸಕಲೇಶಪುರದಲ್ಲಿ ಮಳೆ ಬಂದರೆ ಹೌದು’ ಅಂತ ಬರೆದರೆ, ಇವತ್ತೇ ಎಣಿಸುವುದಾದರೆ ಅದು ವೋಟೇ ಅಲ್ಲ. 1993ರಿಂದ ಇಮೇಲ್‌ನಲ್ಲಿ ನಡೆಯುತ್ತಿರುವ ಅಗೋರಾ ನೋಮಿಕ್‌ನವರೂ ಷರತ್ತಿನ ವೋಟನ್ನು ಬೇಡ ಅಂದಿಲ್ಲ. ವೋಟಿನ ಅವಧಿ ಮುಗಿಯುವಾಗ ಷರತ್ತು ಏನಾಗಿದೆ ಅಂತ ನೋಡುತ್ತಾರೆ.

ನಿಮ್ಮ ಮುಂದಿನ ಸರದಿಯಲ್ಲೇ ಇದನ್ನು ನಿಯಮ ಮಾಡಿ. ಉತ್ತರ ಸಿಗದ ವೋಟು ‘ಇಲ್ಲ’ ಅಂತ ಲೆಕ್ಕ ಅನ್ನುವುದನ್ನೂ ಸೇರಿಸಿ. ಅದಕ್ಕೆ ಮೊದಲು ನಿಮ್ಮ ಗೆಳೆಯನ ವೋಟಿನ ಬಗ್ಗೆ ಏನೇ ತೀರ್ಪು ಕೊಟ್ಟರೂ ಕಾರಣವನ್ನು ಪೂರ್ತಿ ಬರೆದಿಡಿ.