ಗಡಿ ಯುದ್ಧದ ನಂತರ ನಿಜವಾಗಿ ಬಾಳಿದ ಶಾಂತಿ ಒಪ್ಪಂದ ಯಾವುದಾದರೂ ಇದೆಯಾ?

ನೀವು ಎರಡು ವಿಷಯ ಕೇಳಿದ್ದೀರಿ. ಗಡಿಗಾಗಿ ಹೊಡೆದಾಡಿದ ಅಕ್ಕಪಕ್ಕದ ದೇಶಗಳ ಒಪ್ಪಂದ ಎಲ್ಲಾದರೂ ಉಳಿದಿದೆಯಾ? ಅದೇ ದಾರಿ ಭಾರತ–ಚೀನಾಕ್ಕೆ ಆಗುತ್ತಾ? ಮೊದಲನೆಯದಕ್ಕೆ ಹೌದು. ದಕ್ಷಿಣ ಅಮೆರಿಕದ ಪೆರು ಮತ್ತು ಈಕ್ವೆಡಾರ್ ನೋಡಿ. ನಮ್ಮಲ್ಲಿ ಇದರ ಬಗ್ಗೆ ಬರೆದವರು ಕಡಿಮೆ, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

1941ರಲ್ಲಿ ಇವೆರಡರ ನಡುವೆ ಯುದ್ಧವಾಗಿ ಪೆರು ಗೆದ್ದಿತು. 1942ರ ಜನವರಿಯಲ್ಲಿ ರಿಯೊ ಡಿ ಜನೈರೊದಲ್ಲಿ ಒಪ್ಪಂದವಾಯಿತು. ಅಮೆರಿಕ, ಬ್ರೆಜಿಲ್, ಅರ್ಜೆಂಟೀನಾ, ಚಿಲಿ ಅದಕ್ಕೆ ಜಾಮೀನು ನಿಂತವು. ಆಗಷ್ಟೇ ಜಪಾನ್ ಅಮೆರಿಕದ ಪರ್ಲ್ ಹಾರ್ಬರ್ ನೌಕಾನೆಲೆಯ ಮೇಲೆ ದಾಳಿ ಮಾಡಿತ್ತು, ಈಕ್ವೆಡಾರ್‌ನ ಗೋಳು ಕೇಳುವ ಪುರುಸೊತ್ತು ಯಾರಿಗೂ ಇರಲಿಲ್ಲ. ಪೆರುವಿನ ಸೈನ್ಯ ತನ್ನ ನೆಲದಲ್ಲಿ ಕೂತಿರುವಾಗಲೇ ಈಕ್ವೆಡಾರ್ ಸಹಿ ಹಾಕಿತು. ಅಂಥ ಸಹಿ ಎಷ್ಟು ದಿನ ಬಾಳುತ್ತೆ ಹೇಳಿ?

ಅದರ ಮೇಲೆ ಭೂಗೋಳದ ಒಂದು ಎಡವಟ್ಟು ಬೇರೆ. ಕಾಂಡೋರ್ ಬೆಟ್ಟಸಾಲಿನ ಭಾಗದಲ್ಲಿ ಸಮೋರಾ ಮತ್ತು ಸಾಂಟಿಯಾಗೊ ನದಿಗಳ ನಡುವೆ ನೀರು ಎರಡು ಕಡೆಗೆ ಹರಿದು ಹೋಗುವ ಏಣೇ ಗಡಿ ಅಂತ ಬರೆದಿದ್ದರು. ಆಮೇಲೆ ಅಮೆರಿಕದ ವಿಮಾನಗಳು ಮೇಲಿಂದ ಫೋಟೊ ತೆಗೆದಾಗ, ಆ ಎರಡು ನದಿಗಳ ಮಧ್ಯೆ ಸೆನೆಪಾ ನದಿ ಅಂದುಕೊಂಡಿದ್ದಕ್ಕಿಂತ ತುಂಬಾ ಉದ್ದ ಇರುವುದು ಕಂಡಿತು. ಅಂದರೆ ಅಲ್ಲಿ ಏಣು ಒಂದಲ್ಲ, ಎರಡು. ಬರೆದದ್ದು ನೆಲಕ್ಕೆ ಹೊಂದುವುದಿಲ್ಲ ಅಂತ ಈಕ್ವೆಡಾರ್ ಗಡಿ ಕಲ್ಲು ನೆಡುವುದನ್ನೇ ನಿಲ್ಲಿಸಿತು. ಸುಮಾರು 1,500 ಕಿ.ಮೀ. ಗಡಿಯಲ್ಲಿ ಕಲ್ಲು ನೆಡದೆ ಉಳಿದದ್ದು ಬರೀ 78 ಕಿ.ಮೀ. ಅಷ್ಟಕ್ಕೇ 1981ರಲ್ಲಿ ಒಮ್ಮೆ, 1995ರಲ್ಲಿ ಮತ್ತೊಮ್ಮೆ ಗುಂಡು ಹಾರಿತು. 1995ರಲ್ಲಂತೂ ಪೆರುವಿನ ಯುದ್ಧವಿಮಾನಗಳೂ ಉರುಳಿದವು. ತಿವಿನ್ಸಾ ಅನ್ನೋ ಕಾಡಿನ ಠಾಣೆ ನಮ್ಮ ಕೈಲಿದೆ ಅಂತ ಎರಡೂ ಕಡೆಯವರು ಹೇಳಿಕೊಂಡರು.

ಅದೇ ಫೆಬ್ರವರಿಯಲ್ಲಿ ಕದನವಿರಾಮವಾಯಿತು, ಜಾಮೀನು ದೇಶಗಳ ವೀಕ್ಷಕರು ಬಂದರು. ಆದರೆ ಮಾತುಕತೆ ಮೂರು ವರ್ಷ ಎಳೆಯಿತು. 1998ರ ಆಗಸ್ಟ್‌ನಲ್ಲಿ ಜಮೀಲ್ ಮಹುವಾದ್ ಈಕ್ವೆಡಾರ್ ಅಧ್ಯಕ್ಷರಾದಾಗ ಇನ್ನೊಂದು ಯುದ್ಧದ ಭಯವಿತ್ತು. ಅವರು ಹಾರ್ವರ್ಡ್‌ನ ಸಂಧಾನ ತಜ್ಞ ರೋಜರ್ ಫಿಶರ್ ಸಲಹೆ ಕೇಳಿದರು. ಪೆರುವಿನ ಅಧ್ಯಕ್ಷ ಫುಜಿಮೊರಿ ಜೊತೆ ಎದುರುಬದುರು ನಿಂತು ಕೈಕುಲುಕುವ ಫೋಟೊ ಬೇಡ, ಪಕ್ಕಪಕ್ಕ ಕೂತು ಒಂದೇ ಕಾಗದ ನೋಡುತ್ತಿರುವ ಫೋಟೊ ಬರಲಿ ಅಂತ ಫಿಶರ್ ಹೇಳಿದರು. ಹಾಗೆಯೇ ಮಾಡಿದರು. ಸಣ್ಣ ವಿಷಯ ಅನ್ನಿಸಬಹುದು. ಆದರೆ ಕೈಕುಲುಕಿದರೆ ಊರಲ್ಲಿ ‘ಮಾರಿಕೊಂಡ’ ಅನ್ನುವ ಜನ ಇರುತ್ತಾರಲ್ಲ, ಅವರಿಗಾಗಿ ಈ ಏರ್ಪಾಡು.

ಆಮೇಲಿನ ಹೆಜ್ಜೆ ನನಗೆ ತುಂಬಾ ಇಷ್ಟ. ಗಡಿ ಎಲ್ಲಿ ಅಂತ ನೀವೇ ಹೇಳಿಬಿಡಿ ಅಂತ ಇಬ್ಬರೂ ಜಾಮೀನು ದೇಶಗಳನ್ನು ಕೇಳಿದರು. ಅವರು ಒಂದು ಷರತ್ತು ಹಾಕಿದರು: ಏನು ಹೇಳಿದರೂ ಒಪ್ಪುತ್ತೇವೆ ಅಂತ ಮೊದಲೇ ಎರಡೂ ಸಂಸತ್ತುಗಳು ಮತ ಹಾಕಬೇಕು. ತೀರ್ಪು ನೋಡದೆ ಒಪ್ಪಿಗೆ! ಎರಡೂ ಸಂಸತ್ತು ಒಪ್ಪಿದವು. ಇದರಲ್ಲಿ ಜಾಣತನ ಇದೆ. ತೀರ್ಪು ಬಂದ ಮೇಲೆ ಮತ ಕೇಳಿದ್ದರೆ ಪ್ರತಿ ಬೆಟ್ಟಕ್ಕೂ ಒಬ್ಬ ಸಂಸದ ಎದ್ದು ನಿಲ್ಲುತ್ತಿದ್ದ.

1998ರ ಅಕ್ಟೋಬರ್ 26ರಂದು ಬ್ರೆಜಿಲಿಯಾದಲ್ಲಿ ಸಹಿಯಾಯಿತು. ಗಡಿ ಹೆಚ್ಚುಕಡಿಮೆ ಪೆರು ಹೇಳಿದ ಕಡೆಯೇ ನಿಂತಿತು. ಈಕ್ವೆಡಾರ್‌ಗೆ ಅಮೆಜಾನ್ ನದಿಗಳಲ್ಲಿ ದೋಣಿ ನಡೆಸುವ ಹಕ್ಕು, ಎರಡು ವ್ಯಾಪಾರ ಕೇಂದ್ರಗಳಿಗೆ ಜಾಗ ಸಿಕ್ಕವು. ಜೊತೆಗೆ ಬೆಟ್ಟದ ಎರಡೂ ಬದಿ ಸಂರಕ್ಷಿತ ಪ್ರದೇಶ. ಇನ್ನು ಆ ತಿವಿನ್ಸಾ? ಒಂದು ಚದರ ಕಿ.ಮೀ., ಅಂದರೆ ಸುಮಾರು 247 ಎಕರೆ, ಈಕ್ವೆಡಾರ್ ಸರ್ಕಾರಕ್ಕೆ ಖಾಸಗಿ ಆಸ್ತಿಯಾಗಿ ಕೊಟ್ಟರು. ನಮ್ಮ ಲೆಕ್ಕದಲ್ಲಿ ಪಹಣಿ ಈಕ್ವೆಡಾರ್ ಹೆಸರಲ್ಲಿ, ಊರು ಪೆರುವಿನದು. ಅಲ್ಲಿ ನಡೆಯುವುದು ಪೆರುವಿನ ಕಾನೂನೇ. ಆದರೆ ಈಕ್ವೆಡಾರ್‌ನವರು ಹೋಗಿ ಸತ್ತ ಸೈನಿಕರನ್ನು ನೆನೆಯಬಹುದು. (ಭಾರತ 1992ರಲ್ಲಿ ಬಾಂಗ್ಲಾದೇಶಕ್ಕೆ ತೀನ್ ಬಿಘಾ ದಾರಿಯನ್ನು ಗುತ್ತಿಗೆ ಕೊಟ್ಟದ್ದೂ ಇಂಥದ್ದೇ ಉಪಾಯ. ನೆಲ ನಮ್ಮದು, ಓಡಾಟ ಅವರದು.)

ಎಲ್ಲರೂ ಖುಷಿಯಾದರು ಅಂದುಕೊಳ್ಳಬೇಡಿ. ಪೆರುವಿನ ಇಕಿಟೋಸ್ ನಗರದಲ್ಲಿ ಗಲಭೆಯಾಗಿ ಜೀವ ಹೋದವು. ಈಕ್ವೆಡಾರ್‌ನಲ್ಲಿ ದಶಕಗಳ ಕಾಲ ಶಾಲೆಯ ನಕ್ಷೆಗಳಲ್ಲಿ ಅಮೆಜಾನ್ ಕಡೆಗೆ ಚಾಚಿದ ದೊಡ್ಡ ದೇಶವನ್ನೇ ನೋಡಿ ಬೆಳೆದ ತಲೆಮಾರಿಗೆ ಇದು ನುಂಗಲಾರದ ತುತ್ತು. ಕಾಡಲ್ಲಿ ಹೂತ ನೆಲಬಾಂಬ್ ತೆಗೆಯುವ ಕೆಲಸ ಇಪ್ಪತ್ತು ವರ್ಷ ಕಳೆದರೂ ಮುಗಿದಿರಲಿಲ್ಲ. ಅದರ ಕಷ್ಟ ಜಾಸ್ತಿ ಬಿದ್ದದ್ದು ಗಡಿಯ ಎರಡೂ ಕಡೆ ಹಂಚಿಹೋದ ಶುವಾರ್, ಆವಾಹುನ್ ಬುಡಕಟ್ಟುಗಳ ಮೇಲೆ. ಅವರನ್ನು ಕೇಳಿ ಯಾರೂ ಗೆರೆ ಎಳೆದಿರಲಿಲ್ಲ, ಅಲ್ವಾ.

ಆದರೂ 1999ರ ಮೇನಲ್ಲಿ ಕೊನೆಯ ಗಡಿಕಲ್ಲು ನೆಟ್ಟರು. 2000ನೇ ಇಸವಿ ಮುಗಿಯುವಷ್ಟರಲ್ಲಿ ಸಹಿ ಹಾಕಿದ ಇಬ್ಬರೂ ಅಧಿಕಾರ ಕಳೆದುಕೊಂಡಿದ್ದರು. ಆರ್ಥಿಕ ಕುಸಿತದ ಸಿಟ್ಟಿನಲ್ಲಿ ಮಹುವಾದ್ ಅವರನ್ನು ಇಳಿಸಿದರು, ಹಗರಣದ ನಡುವೆ ಫುಜಿಮೊರಿ ಜಪಾನ್‌ಗೆ ಹೋಗಿ ಕೂತರು. ಒಪ್ಪಂದಕ್ಕೆ ಮಾತ್ರ ಏನೂ ಆಗಲಿಲ್ಲ. ಅದಕ್ಕೇ ನಾನು ಇದನ್ನು ಗಟ್ಟಿ ಅನ್ನುವುದು. ಇಥಿಯೋಪಿಯಾ–ಎರಿಟ್ರಿಯಾ ಕಡೆ ನೋಡಿ. ಗಡಿ ಯುದ್ಧದ ನಂತರ 2000ದಲ್ಲಿ ಸಹಿಯಾಯಿತು, 2002ರಲ್ಲಿ ಗಡಿ ಆಯೋಗ ಬಡ್ಮೆ ಊರನ್ನು ಎರಿಟ್ರಿಯಾಕ್ಕೆ ಕೊಟ್ಟಿತು. ಇಥಿಯೋಪಿಯಾ ವರ್ಷಗಟ್ಟಲೆ ಬಿಡಲಿಲ್ಲ, ತೀರ್ಪನ್ನು ಪೂರ್ತಿ ಒಪ್ಪುತ್ತೇನೆ ಅಂದದ್ದೇ 2018ರಲ್ಲಿ. ಅಲ್ಲಿಯೂ ತೀರ್ಪಿಗೆ ಬದ್ಧ ಅಂತ ಬರೆದುಕೊಟ್ಟಿದ್ದರು. ಆದರೆ ಸೋತವರು ಮನೆಗೆ ಹೋಗಿ ತೋರಿಸಲು ಒಂದು ತಿವಿನ್ಸಾ ಇರಲಿಲ್ಲ.

ಈಗ ಭಾರತ–ಚೀನಾ. ಇಲ್ಲಿಗೆ ಇದು ನೇರವಾಗಿ ಒಗ್ಗುವುದಿಲ್ಲ ಅಂತ ನನ್ನ ಅನಿಸಿಕೆ. ಅಲ್ಲಿ ಜಗಳ 78 ಕಿ.ಮೀ.ಗೆ ಇಳಿದಿತ್ತು. ಇಲ್ಲಿ ಭಾರತದ ಲೆಕ್ಕದಲ್ಲೇ ಗಡಿ 3,488 ಕಿ.ಮೀ. 1993ರಲ್ಲಿ ಗಡಿಯಲ್ಲಿ ಶಾಂತಿ ಕಾಯುವ ಒಪ್ಪಂದವಾಯಿತು, ನಿಜ. ಆದರೆ ವಾಸ್ತವ ನಿಯಂತ್ರಣ ರೇಖೆಯ ನಕ್ಷೆಗಳನ್ನು ಪರಸ್ಪರ ಕೊಟ್ಟುಕೊಂಡದ್ದು ಮಧ್ಯದ ಸಣ್ಣ ಭಾಗಕ್ಕೆ ಮಾತ್ರ. 2020ರ ಗಾಲ್ವಾನ್‌ನಲ್ಲಿ ನಮ್ಮ 20 ಸೈನಿಕರು ಸತ್ತದ್ದು ಆ ಒಪ್ಪಂದ ಇದ್ದಾಗಲೇ. ಮೂರನೆಯವರು ತೀರ್ಪು ಕೊಡಲಿ ಅನ್ನುವುದಕ್ಕೆ ದೆಹಲಿಯೂ ಒಪ್ಪದು, ಬೀಜಿಂಗ್ ಕೂಡ ಒಪ್ಪದು. ಕೊನೇಪಕ್ಷ ಎರಡೂ ಕಡೆಯವರು ತಮ್ಮ ತಮ್ಮ ಪೂರ್ತಿ ನಕ್ಷೆ ಮೇಜಿನ ಮೇಲೆ ಇಟ್ಟ ದಿನ ಈ ಪ್ರಶ್ನೆ ಮತ್ತೆ ಕೇಳಿ.