ಕರಾವಳಿಯ ಕೆಂಪು ಮಣ್ಣಿನ ಹಿತ್ತಲಿಗೆ ಏನು ಹಾಕಬೇಕು?

ಅಂಕೋಲೆಯ ಹಿತ್ತಲಲ್ಲಿ ಎರಡು ವರ್ಷದಿಂದ ಸಗಣಿ ಗೊಬ್ಬರ ಹಾಕುತ್ತಿದ್ದೇನೆ, ಆದರೂ ಬದನೆ ಗೇಣುದ್ದ ಬಂದು ನಿಲ್ಲುತ್ತದೆ, ಅಂಗಡಿ ಗೊಬ್ಬರ ಇಲ್ಲದೆ ಏನು ಮಾಡಲಿ ಅಂತ ಕೇಳಿದ್ದೀರಿ. ನಾನಿರುವುದು ಕುಮಟಾದಲ್ಲಿ. ನಮ್ಮದೂ ಅದೇ ಜಂಬಿಟ್ಟಿಗೆ ಮಣ್ಣು.

ಗೊಬ್ಬರ ಹಾಕಿದ್ದು ಯಾವಾಗ? ಮೇ ಕೊನೆಗೆ ಹಾಕಿ ಮಣ್ಣನ್ನು ಬೋಳು ಬಿಟ್ಟಿದ್ದರೆ, ಅದರ ಸಾರವೆಲ್ಲ ಹಳ್ಳ ಸೇರಿರುತ್ತದೆ. ನಮ್ಮಲ್ಲಿ ವರ್ಷಕ್ಕೆ 3,000 ಮಿಲಿಮೀಟರ್‌ಗೂ ಹೆಚ್ಚು ಮಳೆ, ಹೆಚ್ಚುಕಡಿಮೆ ಎಲ್ಲ ನಾಲ್ಕು ತಿಂಗಳಲ್ಲೇ. ಈ ಮಣ್ಣು ಹುಳಿ, ಅಂದರೆ ಆಮ್ಲೀಯ, ಆಗಿರುವುದಕ್ಕೂ ಆ ತೊಳೆತವೇ ಕಾರಣ.

ಹಾಗಾಗಿ ಮೊದಲು ಮಣ್ಣಿಗೆ ಎಲೆಯ ಹೊದಿಕೆ, ಆಮೇಲೆ ಗೊಬ್ಬರ. ಶಿರಸಿ ಕಡೆ ಅಡಿಕೆ ತೋಟದವರು ಸೊಪ್ಪಿನ ಬೆಟ್ಟ (ತೋಟಕ್ಕೆ ಸೊಪ್ಪು ತರುವ ಕಾಡು) ಇಟ್ಟುಕೊಂಡಿರುವುದು ಸುಮ್ನೆ ಅಲ್ಲ. ಸೊಪ್ಪು, ದರಕು (ಉದುರಿದ ಒಣ ಎಲೆ) ತಂದು ಕೊಟ್ಟಿಗೆಗೆ ಹಾಸುತ್ತಾರೆ, ಮರದ ಬುಡಕ್ಕೂ ಮುಚ್ಚುತ್ತಾರೆ. ನೀವೂ ಮಾರ್ಚ್‌ನಿಂದಲೇ ಉದುರಿದ ಎಲೆ ಚೀಲಕ್ಕೆ ತುಂಬಿಡಿ. ಅಕೇಶಿಯಾ ಎಲೆ ಬೇಗ ಕೊಳೆಯುವುದಿಲ್ಲ ಅಂತ ಬೈಯುತ್ತಾರಲ್ವಾ, ಮಳೆಗಾಲದ ಹೊದಿಕೆಗೆ ಆ ಗುಣವೇ ಒಳ್ಳೆಯದು.

ಆದರೆ ಕೊಳೆಯದ ಒಣ ಎಲೆ, ಸಿಪ್ಪೆ ಯಾವುದನ್ನೂ ಮಣ್ಣೊಳಗೆ ಕಲಸಬೇಡಿ. ಮೊದಲ ವರ್ಷ ನಾನು ಬುಟ್ಟಿಗಟ್ಟಲೆ ಅಡಿಕೆ ಸಿಪ್ಪೆ ಹೂತು ಮೇಲೆ ಹರಿವೆ ಬಿತ್ತಿದೆ. ಎಲ್ಲ ಹಳದಿ! ಸಿಪ್ಪೆ ಕೊಳೆಸುವ ಸೂಕ್ಷ್ಮಜೀವಿಗಳು ಮಣ್ಣಲ್ಲಿದ್ದ ಸಾರಜನಕವನ್ನು ತಾವೇ ತಿಂದಿದ್ದವು, ಗಿಡಕ್ಕೆ ಉಪವಾಸ. ಅದಕ್ಕೇ ಬೇರೆ ಕಡೆ ಕೊಳೆಸಿ ತರಬೇಕು. ಒಂದು ಗೇಣು ದರಕು, ಅದರ ಮೇಲೆ ನಾಲ್ಕು ಬೆರಳು ಗೊಬ್ಬರಗಿಡದ (ಗ್ಲಿರಿಸಿಡಿಯಾ) ಸೊಪ್ಪು ಇಲ್ಲವೇ ಅಡಿಗೆಮನೆ ಸಿಪ್ಪೆ, ಮೇಲೆ ಸಗಣಿ ನೀರು. ಹೀಗೇ ಎದೆಮಟ್ಟ ಪೇರಿಸಿ, ತಿಂಗಳಿಗೊಮ್ಮೆ ಮಗುಚಿ. ಡಿಸೆಂಬರ್‌ನಲ್ಲಿ ಶುರು ಮಾಡಿದರೆ ಮೇ ಹೊತ್ತಿಗೆ ಕಪ್ಪಗೆ ಪುಡಿಯಾಗಿ, ಕಾಡಿನ ಮಣ್ಣಿನ ವಾಸನೆ ಬರುತ್ತದೆ. ಗುಂಡಿ ತೋಡಬೇಡಿ, ಮಳೆಗಾಲದಲ್ಲಿ ನೀರು ನಿಂತು ನಾರುತ್ತದೆ. ನೆಲದ ಮೇಲೇ ಪೇರಿಸಿ ತಗಡು ಮುಚ್ಚಿ.

ಮಣ್ಣಿನ ಹುಳಿ ತಗ್ಗಿಸಲು ಬಚ್ಚಲೊಲೆ ಬೂದಿ ಸಾಕು. ವರ್ಷಕ್ಕೊಮ್ಮೆ ತೆಳ್ಳಗೆ ಎರಚಿ, ಜಾಸ್ತಿ ಬೇಡ. ಹಸಿ ಸಗಣಿ ಜೊತೆ ಮಾತ್ರ ಬೆರೆಸಬೇಡಿ. ಆಗ ಮೂಗಿಗೆ ಹೊಡೆಯುವ ಘಾಟು ಅಮೋನಿಯಾ, ಅಂದರೆ ಗಿಡಕ್ಕೆ ಹೋಗಬೇಕಿದ್ದ ಸಾರಜನಕ ಗಾಳಿಗೆ ಹೋಯಿತು. ಮೀನು ತಿನ್ನುವ ಮನೆಯಾದರೆ ಮೀನು ತೊಳೆದ ನೀರು ತೆಂಗಿನ ಬುಡಕ್ಕೆ ಹಾಕಿ. ತಲೆ, ಕರುಳನ್ನು ಒಂದೂವರೆ ಅಡಿ ಆಳಕ್ಕೆ ಹೂಳಿ. ಒಂದೇ ಅಡಿ ಸಾಕು ಅಂದುಕೊಂಡ ನಮ್ಮ ಪಕ್ಕದ ಮನೆಯವರ ಬಸಳೆ ಚಪ್ಪರವನ್ನು ನಾಯಿಗಳು ಬುಡಸಮೇತ ಕೆದರಿ ಹಾಕಿದ್ದವು.